ಬಿದ್ದ ಕಲ್ಲಿಗೂ ಒಂದು ಚರಿತ್ರೆ
ನಕ್ಷೆಗಳಲ್ಲಿ ಹಾಳೂರುಗಳನ್ನು ಬರೆದ ಬಗೆ

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭಕ್ಕೆ ಅತಿಥಿಗಳಾಗಿ ಬಂದಿದ್ದ, ಕರ್ನಾಟಕದಲ್ಲಿ ನಕ್ಷೆಗಾರರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪವಿದು. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸುತ್ತಿದ್ದೇವೆ. - ಸಂ.)



ಕನ್ನಡ ನಾಡಿನಿಂದ ಸುಮಾರು ಐದು ಸಾವಿರ ಮೈಲಿ ದೂರದ ಇಂಗ್ಲೆಂಡಿನಲ್ಲಿ, ನವೆಂಬರಿನ ಈ ಮಬ್ಬು ಸಂಜೆಯಲ್ಲಿ, ಇಷ್ಟು ಮಂದಿ ಕನ್ನಡಿಗರನ್ನು ಒಂದೇ ಸೂರಿನಡಿ ಕಾಣುವುದು ನನ್ನ ಪಾಲಿಗೆ ಬಹಳ ಸಂತೋಷದ ಸಂಗತಿ. ಚರಿತ್ರೆಗೆ ಸಂಬಂಧಿಸಿದ ಯಾವುದಾದರೂ ವಿಷಯ ಕುರಿತು ಮಾತನಾಡಬೇಕೆಂದು ತಾವು ಕೇಳಿದಾಗ ನಾನು ಹಿಂಜರಿದದ್ದು ನಿಜ. ನಾನು ಇತಿಹಾಸದ ಪ್ರಾಧ್ಯಾಪಕನಲ್ಲ. ಮೂವತ್ತೈದು ವರ್ಷ ಒಂದು ಕಚೇರಿಯ ಇಳಿಜಾರು ಮೇಜಿನ ಮುಂದೆ ಕುಳಿತು, ಬೇರೆಯವರು ಬಿಸಿಲಲ್ಲಿ ಅಳೆದು ತಂದ ಲೆಕ್ಕಗಳನ್ನು ನೆರಳಲ್ಲಿ ಶಾಯಿಯಿಂದ ನಕ್ಷೆಯಾಗಿ ಬರೆದವನು. ಆದ್ದರಿಂದ ರಾಜಮಹಾರಾಜರ ಕಥೆಯನ್ನು ಅರಿತವರಿಗೆ ಬಿಟ್ಟು, ನನಗೆ ತಿಳಿದ ಗೆರೆ ಮತ್ತು ಚುಕ್ಕೆಗಳ ಚರಿತ್ರೆಯನ್ನೇ ತಮ್ಮ ಮುಂದಿಡುತ್ತೇನೆ.

ಈ ವಿಷಯವನ್ನು ನನಗೆ ಒದಗಿಸಿದವಳು ನಾನು ಉಳಿದುಕೊಂಡಿರುವ ಮನೆಯ ಹದಿನಾಲ್ಕು ವರ್ಷದ ಹುಡುಗಿ. ಅವಳೂ ಅವಳ ಗೆಳತಿಯರೂ ಸೇರಿ ಒಂದು ಕಥೆಯಾಟ ಆಡುತ್ತಾರೆ. ಅದಕ್ಕೆ ಬೇಕಾದ ಕಲ್ಪನಾಲೋಕದ ನಕ್ಷೆಗಳನ್ನು ಅವಳೇ ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಕಳೆದ ವಾರ ನನಗೊಂದು ನಕ್ಷೆ ತೋರಿಸಿದಳು. ನೂರು ವರ್ಷದ ಹಿಂದೆ ಡ್ರ್ಯಾಗನ್ ಬಂದು ಹಾಳುಗೆಡವಿದ ಕೋಟೆಯೂರು, ನೆತ್ತಿಯ ಮೇಲಿಂದ ಹದ್ದು ಕಂಡ ಹಾಗೆ. ಗೋಡೆಗಳ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ನಡುವೆಲ್ಲ ಒಂದೇ ಅಚ್ಚಿನ ಕಲ್ಲುಗಳು ಎಳ್ಳು ಎರಚಿದಂತೆ ಹರಡಿದ್ದವು. ಹುಡುಗಿ ಬೇಸರದಿಂದ ಕೇಳಿದಳು: "ತಾತ, ಇದು ಹಾಳೂರಿನ ಹಾಗೆ ಕಾಣ್ತಾನೇ ಇಲ್ಲ. ಸುಮ್ಮನೆ ಕಲ್ಲು ಚೆಲ್ಲಿದ ಹಾಗಿದೆ. ಯಾಕೆ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಅವಳೊಬ್ಬಳದಲ್ಲ. ಸುಮಾರು ಐನೂರು ವರ್ಷಗಳಿಂದ ಯೂರೋಪಿನ ನಕ್ಷೆಗಾರರನ್ನು ಕಾಡಿದ ಪ್ರಶ್ನೆ. ಇಂದಿನ ಮಾತು ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

ನೆತ್ತಿಯ ಮೇಲಿನ ನೋಟ

ಕಲ್ಪನೆಯ ನಾಡಿಗೆ ನಕ್ಷೆ ಬರೆಯುವುದು ಮಕ್ಕಳಾಟವೆಂದು ಯಾರೂ ಭಾವಿಸಬೇಕಾಗಿಲ್ಲ. 1881ರ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ, ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಮಲಮಗನ ಜೊತೆ ಕುಳಿತು ಒಂದು ದ್ವೀಪದ ನಕ್ಷೆ ಬರೆದು ಬಣ್ಣ ಹಾಕಿದ. ಆ ನಕ್ಷೆಯನ್ನು ನೋಡುತ್ತ ನೋಡುತ್ತ ಹುಟ್ಟಿದ ಕಥೆಯೇ 1883ರಲ್ಲಿ ಪುಸ್ತಕವಾಗಿ ಬಂದ 'ಟ್ರೆಷರ್ ಐಲೆಂಡ್'. ಮುಂದೆ ಟೋಲ್ಕಿನ್ ಅವರು ತಮ್ಮ ಮಹಾಕಥೆಗಾಗಿ ಚೌಕುಳಿ ಕಾಗದದ ಮೇಲೆ ದೂರಗಳನ್ನು ಲೆಕ್ಕ ಹಾಕಿ ನಕ್ಷೆ ಬರೆದರು. 1954-55ರಲ್ಲಿ ಅಚ್ಚಾದ ಸಂಪುಟಗಳಿಗೆ ಅವರ ಮಗ ಕ್ರಿಸ್ಟೊಫರ್ ಆ ನಕ್ಷೆಗಳನ್ನು ತಿದ್ದಿ ಬರೆದುಕೊಟ್ಟರು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದ ಮೇಲಂತೂ, ಒಂದು ಚೌಕಕ್ಕೆ ಹತ್ತು ಅಡಿ ಎಂಬ ಲೆಕ್ಕದಲ್ಲಿ ಪಾಳುಕೋಟೆ, ನೆಲಮಾಳಿಗೆಗಳ ನಕ್ಷೆ ಬರೆಯುವುದು ಲಕ್ಷಾಂತರ ಯುವಕರ ಹವ್ಯಾಸವೇ ಆಯಿತು.

ಆದರೆ ಇಲ್ಲೊಂದು ವ್ಯತ್ಯಾಸವಿದೆ. ಟೋಲ್ಕಿನ್ನರ ನಕ್ಷೆಯಲ್ಲಿ ನಾಡು ಮೇಲಿಂದ ಕಾಣುತ್ತದೆ, ಬೆಟ್ಟಗಳು ಮಾತ್ರ ಪಕ್ಕದಿಂದ ಕಾಣುತ್ತವೆ. ನಮ್ಮ ಹಳೆಯ ದೇವಸ್ಥಾನಗಳ ಕ್ಷೇತ್ರಪಟಗಳಲ್ಲಿಯೂ ಗೋಪುರಗಳು ಹೀಗೆಯೇ ಮಲಗಿ ಕಾಣುತ್ತವಲ್ಲವೆ? ಅದರಲ್ಲಿ ಕಷ್ಟವಿಲ್ಲ. ಪೂರ್ತಿ ನೆತ್ತಿಯ ಮೇಲಿಂದಲೇ ನೋಡುತ್ತೇನೆಂದು ಹೊರಟಾಗ ಕಷ್ಟ ಆರಂಭವಾಗುತ್ತದೆ. ಅಲ್ಲಿ ಎತ್ತರವೆಂಬುದು ಅಳಿಸಿಹೋಗುತ್ತದೆ. ನಿಂತ ಗೋಡೆ ಎರಡು ಗೆರೆಯಾಗುತ್ತದೆ, ಕಂಬ ಒಂದು ವೃತ್ತವಾಗುತ್ತದೆ. ಬಿದ್ದ ಗೋಡೆ ಏನಾಗಬೇಕು? ಆಕಾರವಿದ್ದು ಈಗ ಆಕಾರ ಕಳೆದುಕೊಂಡ ವಸ್ತುವಿಗೆ ಆಕಾರ ಕೊಡುವುದು ಹೇಗೆ?

ನಕ್ಷೆಯೇ ಒಡೆದುಹೋದ ನಗರ

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎದುರಿಸಿದ ನಗರ ರೋಮ್. ಅಲ್ಲಿ ಹಾಳಾದದ್ದು ಕಟ್ಟಡಗಳು ಮಾತ್ರವಲ್ಲ, ನಕ್ಷೆಯೂ ಕೂಡ. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 203 ಮತ್ತು 211ರ ನಡುವೆ, ಇಡೀ ರೋಮ್ ನಗರದ ತಲವಿನ್ಯಾಸವನ್ನು ಅಮೃತಶಿಲೆಯ ಮೇಲೆ ಕೆತ್ತಿ ಒಂದು ದೊಡ್ಡ ಗೋಡೆಗೆ ಜೋಡಿಸಿದ್ದರು. ಸುಮಾರು 150 ಚಪ್ಪಡಿಗಳು. 18 ಮೀಟರ್ ಅಗಲ, 13 ಮೀಟರ್ ಎತ್ತರ. ಅಂಗಡಿಯ ಬಾಗಿಲು, ಮನೆಯ ಮೆಟ್ಟಿಲುಗಳವರೆಗೆ ಎಲ್ಲವೂ ಅದರಲ್ಲಿತ್ತು. ಕಾಲಕ್ರಮದಲ್ಲಿ ಚಪ್ಪಡಿಗಳು ಕಳಚಿ ಬಿದ್ದವು. ಕೆಲವನ್ನು ಜನ ಕಟ್ಟಡಗಳಿಗೆ ಒಯ್ದರು, ಕೆಲವನ್ನು ಸುಟ್ಟು ಸುಣ್ಣ ಮಾಡಿಕೊಂಡರು. 1562ರಲ್ಲಿ ಮತ್ತೆ ಕೆಲವು ತುಂಡುಗಳು ಸಿಕ್ಕಿದವು. ಹಾಗೆ ಸಿಕ್ಕಿದವುಗಳಲ್ಲಿಯೂ ಎಷ್ಟೋ ತುಂಡುಗಳು ಮುಂದೆ ಒಂದು ಶ್ರೀಮಂತ ಮನೆತನದ ತೋಟದ ಗೋಡೆಗೆ ಕಲ್ಲುಗಳಾಗಿ ಸೇರಿಹೋದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಗೋಡೆ ಒಡೆದಾಗ ಮತ್ತೆ ಹೊರಬಂದವು. ಇಂದು ಉಳಿದಿರುವುದು ಸುಮಾರು 1200 ಚೂರುಗಳು, ಇಡೀ ನಕ್ಷೆಯ ಹತ್ತನೆಯ ಒಂದು ಪಾಲು. ನಕ್ಷೆಯನ್ನು ಹೊತ್ತಿದ್ದ ಗೋಡೆ ಮಾತ್ರ ಚಪ್ಪಡಿ ಹಿಡಿದಿದ್ದ ಕೊಂಡಿಗಳ ತೂತುಗಳೊಂದಿಗೆ ಇಂದಿಗೂ ನಿಂತಿದೆ.

ಇಂಥ ನಗರಕ್ಕೆ ಹೊಸ ನಕ್ಷೆ ಬರೆಯಲು ಹೊರಟವರಲ್ಲಿ ಅಗ್ರಗಣ್ಯ ಜಾಂಬಟ್ಟಿಸ್ಟಾ ನೊಲ್ಲಿ. 1736ರಲ್ಲಿ ಅಳತೆ ಆರಂಭಿಸಿ, ಹನ್ನೆರಡು ವರ್ಷ ದುಡಿದು, 1748ರಲ್ಲಿ ಹನ್ನೆರಡು ತಾಮ್ರಫಲಕಗಳ ಮೇಲೆ ಅವನು ರೋಮಿನ ನಕ್ಷೆಯನ್ನು ಅಚ್ಚುಹಾಕಿಸಿದ. ಪುರಾತನ ಕಟ್ಟಡಗಳ ವಿಷಯದಲ್ಲಿ ಅವನು ಪಾಲಿಸಿದ ಒಂದು ನಿಯಮವನ್ನು ಕಂಡು ನಾನು ಇಂದಿಗೂ ತಲೆಬಾಗುತ್ತೇನೆ. ಯಾವ ಗೋಡೆ ಅವನ ಕಣ್ಣೆದುರು ನಿಂತಿತ್ತೋ ಅದನ್ನು ದಟ್ಟ ಕಪ್ಪಿನಲ್ಲಿ ತುಂಬಿದ. ಯಾವ ಭಾಗ ಬಿದ್ದುಹೋಗಿ, ಇದ್ದಿರಬೇಕೆಂದು ಊಹಿಸಬೇಕಾಗಿತ್ತೋ ಅದನ್ನು ಬರಿಯ ಹೊರಗೆರೆಯಲ್ಲಿ ಬಿಟ್ಟ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಇವೆರಡನ್ನೂ ಬೆರೆಸಿ ಬರೆದರೆ ನಕ್ಷೆ ನೋಡಲು ಚೆನ್ನಾಗಿರಬಹುದು, ಆದರೆ ಸುಳ್ಳಾಗುತ್ತದೆ. ನಕ್ಷೆಗಾರಿಕೆಯಲ್ಲಿ ಪ್ರಾಮಾಣಿಕತೆ ಎಂದರೆ ಬಹುಮಟ್ಟಿಗೆ ಇಷ್ಟೇ.

ಪಿರನೇಸಿಯ ಕಲ್ಪನಾಲೋಕ

ನೊಲ್ಲಿಯ ಜೊತೆ ಕೆಲಸ ಮಾಡಿದ ಒಬ್ಬ ತರುಣನಿದ್ದ. ವೆನಿಸ್ ಸೀಮೆಯ ಕಲ್ಲುಕುಟಿಗನ ಮಗ, ಜೊವಾನ್ನಿ ಬಟ್ಟಿಸ್ಟಾ ಪಿರನೇಸಿ. 1720ರಲ್ಲಿ ಹುಟ್ಟಿ 1778ರಲ್ಲಿ ತೀರಿಕೊಂಡ ಈತ ಭಗ್ನಾವಶೇಷಗಳನ್ನು ಚಿತ್ರಿಸಿದಷ್ಟು ಪ್ರೀತಿಯಿಂದ ಬೇರೆ ಯಾರೂ ಚಿತ್ರಿಸಿಲ್ಲ. ಕಲ್ಲಿನ ಕೆಲಸದವರ ಮನೆಯಲ್ಲಿ ಬೆಳೆದವನಾದ್ದರಿಂದ, ಕಲ್ಲು ಎಲ್ಲಿ ಬಿರಿಯುತ್ತದೆ, ಗಾರೆ ಹೇಗೆ ಉದುರುತ್ತದೆ, ಒಳಗಿನ ಇಟ್ಟಿಗೆ ಯಾವಾಗ ಹೊರಗೆ ಇಣುಕುತ್ತದೆ ಎಂಬುದು ಅವನಿಗೆ ಅಂಗೈ ನೆಲ್ಲಿಯಾಗಿತ್ತು. 1756ರಲ್ಲಿ ಪ್ರಕಟವಾದ ರೋಮಿನ ಪ್ರಾಚೀನ ಅವಶೇಷಗಳ ಗ್ರಂಥದಲ್ಲಿ ಅವನು ನಗರದ ನಕ್ಷೆಯನ್ನು ನಡುವೆ ಇಟ್ಟು, ಸುತ್ತಲೂ ಆ ಅಮೃತಶಿಲೆಯ ನಕ್ಷೆಯ ಚೂರುಗಳನ್ನು ಜೋಡಿಸಿ ಬರೆದ.

1762ರಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರೋಮಿನ ಕಾಂಪೊ ಮಾರ್ಜಿಯೊ ಎಂಬ ಬಯಲು ಪುರಾತನ ಕಾಲದಲ್ಲಿ ಹೇಗಿದ್ದಿರಬಹುದೆಂದು ಆರು ಫಲಕಗಳ ಒಂದು ಬೃಹತ್ ತಲವಿನ್ಯಾಸ ರಚಿಸಿದ. ಅದರಲ್ಲಿ ಸತ್ಯ ಸ್ವಲ್ಪ, ಊಹೆ ಬಹಳ. ಯಾರೂ ಕಾಣದ ಅರಮನೆಗಳು, ಎಂದೂ ಇಲ್ಲದಿದ್ದ ಮಂಟಪಗಳು ಅಲ್ಲಿ ಸಾಲುಸಾಲಾಗಿವೆ. ನನ್ನ ದೃಷ್ಟಿಯಲ್ಲಿ ನೆತ್ತಿಯ ಮೇಲಿಂದ ಕಂಡ ಕಲ್ಪನಾಲೋಕದ ನಕ್ಷೆಗಳಿಗೆಲ್ಲ ಅದೇ ಹಿರಿಯಣ್ಣ. ಆದರೆ ಆತ ಆ ನಕ್ಷೆಯನ್ನು ಶುಭ್ರ ಕಾಗದದ ಮೇಲೆ ಬರೆದಂತೆ ತೋರಿಸಲಿಲ್ಲ. ಅಂಚುಗಳು ಮುರಿದ ಹಳೆಯ ಕಲ್ಲುಚಪ್ಪಡಿಯ ಮೇಲೆ ಕೆತ್ತಿದಂತೆ ತೋರಿಸಿದ. ಇದು ನನ್ನ ಕನಸು, ಇದರ ಅಂಚಿನಾಚೆ ನನಗೆ ತಿಳಿಯದು ಎಂದು ಆ ಮುರಿದ ಅಂಚು ಹೇಳುವಂತೆ ನನಗೆ ತೋರುತ್ತದೆ. ಅದೇ ಗ್ರಂಥದಲ್ಲಿ ಇನ್ನೊಂದು ಚಿತ್ರವಿದೆ. ಅದರಲ್ಲಿ ತನ್ನ ಕಾಲದ ಮನೆಮಠಗಳನ್ನೆಲ್ಲ ಕಿತ್ತುಹಾಕಿ, ನಿಜವಾಗಿ ಉಳಿದಿದ್ದ ಪ್ರಾಚೀನ ಅವಶೇಷಗಳನ್ನು ಮಾತ್ರ ಬೋಳು ನೆಲದ ಮೇಲೆ ನಿಲ್ಲಿಸಿ ತೋರಿಸಿದ್ದಾನೆ. ಕನಸೂ ಸಾಕ್ಷ್ಯವೂ ಒಂದೇ ಪುಸ್ತಕದಲ್ಲಿ, ಬೇರೆ ಬೇರೆ ಹಾಳೆಗಳಲ್ಲಿವೆ.

ಸ್ವಿಟ್ಜರ್ಲೆಂಡಿನ ಚುಕ್ಕೆಗಳು

ರೋಮಿನವರು ಗೋಡೆಯನ್ನು ಬರೆಯುವ ಬಗೆ ಕಲಿಸಿದರು. ಬಿದ್ದ ಕಲ್ಲಿನ ರಾಶಿಯನ್ನು ಬರೆಯುವ ಬಗೆಯನ್ನು ಕಲಿಸಿದವರು ಬೆಟ್ಟಗಳ ನಕ್ಷೆಗಾರರು. 1799ರಲ್ಲಿ ಸ್ಯಾಕ್ಸನಿಯ ಸೇನಾಧಿಕಾರಿ ಯೋಹಾನ್ ಗೆಯೋರ್ಗ್ ಲೇಮಾನ್ ಇಳಿಜಾರನ್ನು ಗೀಟುಗಳಿಂದ ಸೂಚಿಸುವ ನಿಯಮವೊಂದನ್ನು ಪ್ರಕಟಿಸಿದ. ನೀರು ಹರಿದುಹೋಗುವ ದಿಕ್ಕಿನಲ್ಲೇ ಗೀಟು ಎಳೆಯಬೇಕು. ಇಳಿಜಾರು ಕಡಿದಾದಷ್ಟೂ ಗೀಟು ದಪ್ಪವಾಗಬೇಕು. ನಾವು ಕಚೇರಿಗೆ ಸೇರಿದ ಹೊಸತರಲ್ಲಿ ಕೆರೆಯ ಏರಿ, ರಸ್ತೆಯ ದಿಬ್ಬಗಳನ್ನು ಈ ಬಗೆಯ ಗೀಟುಗಳಿಂದಲೇ ಬರೆಯಲು ಕಲಿತೆವು.

ಹೆನ್ರಿ ಡ್ಯುಫೂರ್ ಎಂಬ ಸೇನಾನಿಯ ನೇತೃತ್ವದಲ್ಲಿ 1845ರಿಂದ 1865ರವರೆಗೆ ಪ್ರಕಟವಾದ ಸ್ವಿಟ್ಜರ್ಲೆಂಡಿನ 25 ಹಾಳೆಗಳ ನಕ್ಷೆಯಲ್ಲಿ ಈ ಗೀಟುಗಳಿಗೆ ಬೆಳಕೂ ಸೇರಿತು. ಹಾಳೆಯ ಎಡ ಮೇಲ್ತುದಿಯಿಂದ, ಅಂದರೆ ವಾಯವ್ಯದಿಂದ, ಬೆಳಕು ಬೀಳುತ್ತಿದೆಯೆಂದು ಭಾವಿಸಿ, ಅದಕ್ಕೆ ಎದುರಾದ ಇಳಿಜಾರನ್ನು ತೆಳುವಾಗಿಯೂ ಹಿಂದಿನದನ್ನು ದಟ್ಟವಾಗಿಯೂ ಬರೆದರು. ಉತ್ತರ ಗೋಲಾರ್ಧದ ಆ ನಾಡಿಗೆ ವಾಯವ್ಯದಿಂದ ನಡುಹಗಲ ಬಿಸಿಲು ಎಂದೂ ಬೀಳುವುದಿಲ್ಲ! ಆದರೂ ಬೆಳಕನ್ನು ಕೆಳಗಿನಿಂದ ತಂದರೆ ನಮ್ಮ ಕಣ್ಣಿಗೆ ಬೆಟ್ಟ ಹಳ್ಳವಾಗಿ, ಹಳ್ಳ ಬೆಟ್ಟವಾಗಿ ಕಾಣುತ್ತದೆ. ಕಣ್ಣಿನ ಈ ಅಭ್ಯಾಸಕ್ಕೆ ನಕ್ಷೆಗಾರ ಮಣಿಯಲೇಬೇಕು.

ಇನ್ನು ಬಂಡೆ ಒಡೆದು ಉರುಳಿ ಬೆಟ್ಟದ ಬುಡದಲ್ಲಿ ಶೇಖರವಾಗುವ ಕಲ್ಲುಗಳ ಮಾತು. ಸ್ವಿಸ್ ನಕ್ಷೆಗಾರರು ಅವನ್ನು ಚುಕ್ಕೆಗಳಿಂದ ಬರೆದರು, ಒಂದೊಂದು ಹಾಳೆಗೂ ಸಾವಿರಾರು ಚುಕ್ಕೆ, ಎಲ್ಲವೂ ಕೈಯಿಂದಲೇ. ಜ್ಯೂರಿಕ್‌ನ ಎಡ್ವರ್ಡ್ ಇಮ್‌ಹೋಫ್ (1895-1986) 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಟ್ಟ, ಬಂಡೆ, ಕಲ್ಲುರಾಶಿಗಳನ್ನು ಬರೆಯುವ ಕ್ರಮವನ್ನು ಶಾಸ್ತ್ರವಾಗಿಯೇ ವಿವರಿಸಿದರು. ಆ ಚುಕ್ಕೆಗಳು ಮನಬಂದಂತೆ ಬಿದ್ದವಲ್ಲ. ಕಲ್ಲು ಉರುಳಿಬಂದ ಜಾಡಿನಲ್ಲಿ ಸಾಲುಗೂಡಿರುತ್ತವೆ. ದೊಡ್ಡ ಕಲ್ಲಿಗೆ ವೇಗದ ಒತ್ತಡ ಹೆಚ್ಚಾದ್ದರಿಂದ ಅದು ಬುಡದವರೆಗೂ ಉರುಳಿ ನಿಲ್ಲುತ್ತದೆ. ಚಿಕ್ಕ ಜಲ್ಲಿ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಚುಕ್ಕೆಯೂ ಮೇಲೆ ಚಿಕ್ಕದು, ಕೆಳಗೆ ದೊಡ್ಡದು. ನೆರಳಿನ ಕಡೆ ದಟ್ಟ, ಬೆಳಕಿನ ಕಡೆ ವಿರಳ. 2010ರ ಸುಮಾರಿಗೆ ಜ್ಯೂರಿಕ್‌ನ ಸಂಶೋಧಕರು ಈ ಚುಕ್ಕೆಗಳನ್ನು ಕಂಪ್ಯೂಟರಿನಿಂದ ಬರೆಯಿಸಹೊರಟಾಗಲೂ, ಆ ಹಳೆಯ ಕೈಗಳ ನಿಯಮಗಳನ್ನೇ ಯಂತ್ರಕ್ಕೆ ಕಲಿಸಬೇಕಾಯಿತು.

ಹುಡುಗಿಯ ನಕ್ಷೆಯ ಮೊದಲ ದೋಷ ನನಗೆ ತಿಳಿದದ್ದು ಇಲ್ಲಿ. ಅವಳ ಕಲ್ಲುಗಳು ಎಲ್ಲಿಂದಲೂ ಬಿದ್ದಿರಲಿಲ್ಲ.

ಕಟ್ಟಡ ಬೀಳುವ ಬಗೆ

ಯಾವ ಕಟ್ಟಡವೂ ಒಂದೇ ರೀತಿ ಬೀಳುವುದಿಲ್ಲ. ಗ್ರೀಸಿನ ಒಲಿಂಪಿಯಾದಲ್ಲಿದ್ದ ಜ್ಯೂಸ್ ದೇವನ ಗುಡಿಯ ಕಂಬಗಳು ಕ್ರಿ.ಶ. ಆರನೆಯ ಶತಮಾನದ ಭೂಕಂಪಗಳಲ್ಲಿ ಉರುಳಿದವು. ಒಂದರ ಮೇಲೊಂದು ಬಿಲ್ಲೆ ಇಟ್ಟು ಕಟ್ಟಿದ ಕಂಬಗಳಾದ್ದರಿಂದ, ಬಿದ್ದಾಗ ಕೊಯ್ದಿಟ್ಟ ಬಾಳೆದಿಂಡಿನ ಹಾಗೆ ಬಿಲ್ಲೆಗಳು ವರಸೆಯಾಗಿ ಒರಗಿ ಮಲಗಿವೆ. ನೋಡಿದವರಿಗೆ ಕಂಬ ಯಾವ ದಿಕ್ಕಿಗೆ ಬಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಗೋಡೆಯೂ ಹಾಗೆಯೇ: ಒಮ್ಮೆಗೇ ಹೊರಕ್ಕೆ ಮಗುಚಿದರೆ ಕಲ್ಲಿನ ವರಸೆಗಳು ವರಸೆಗಳಾಗಿಯೇ ನೆಲದ ಮೇಲೆ ಉಳಿಯುತ್ತವೆ, ತುದಿಯ ವರಸೆ ಎಲ್ಲಕ್ಕಿಂತ ದೂರದಲ್ಲಿ. ನೂರು ಮಳೆಗಾಲಗಳಲ್ಲಿ ಒಂದೊಂದೇ ಕಲ್ಲು ಕಳಚಿ ಬಿದ್ದರೆ ಗೋಡೆಯ ಬುಡದಲ್ಲಿ ಎರಡೂ ಬದಿಗೆ ದಿಬ್ಬ ಬೆಳೆಯುತ್ತದೆ. ಉತ್ಖನನ ಮಾಡುವವರು ಬಿದ್ದ ಕಲ್ಲುಗಳನ್ನು ಎತ್ತುವ ಮೊದಲು ಒಂದೊಂದನ್ನೂ ನಕ್ಷೆಯಲ್ಲಿ ಗುರುತಿಸಿಕೊಳ್ಳುವುದು ಇದಕ್ಕಾಗಿಯೇ. ರಾಶಿಯನ್ನು ಒಮ್ಮೆ ಗುಡಿಸಿಬಿಟ್ಟರೆ ಅದು ಬಿದ್ದ ಕಥೆಯನ್ನು ಮತ್ತೆ ಓದಲಾಗದು.

ಲೆಕ್ಕವನ್ನೂ ಮರೆಯುವಂತಿಲ್ಲ. ಹನ್ನೆರಡು ಅಡಿ ಎತ್ತರ, ಎರಡು ಅಡಿ ದಪ್ಪದ ಕಲ್ಲಿನ ಗೋಡೆಯೆಂದು ಇಟ್ಟುಕೊಳ್ಳೋಣ. ಒಂದು ಅಡಿ ಉದ್ದಕ್ಕೆ 24 ಘನ ಅಡಿ ಕಲ್ಲು. ಬಿದ್ದ ರಾಶಿಯಲ್ಲಿ ಸಂದುಗಳಿರುವುದರಿಂದ ಅದು ಒಂದೂವರೆ ಪಟ್ಟು ಉಬ್ಬಿತೆಂದರೆ 36 ಘನ ಅಡಿ. ಮಧ್ಯದಲ್ಲಿ ಮೂರು ಅಡಿ ಎತ್ತರವಾಗಿ ಎರಡೂ ಕಡೆ ಇಳಿದ ದಿಬ್ಬವಾದರೆ ಅದರ ಅಗಲ 24 ಅಡಿ! ಒಂದು ಚೌಕಕ್ಕೆ ಹತ್ತು ಅಡಿಯ ನಕ್ಷೆಯಲ್ಲಿ ಎರಡು ಚೌಕ ದಾಟಿ ಮೂರನೆಯದಕ್ಕೆ ಕಾಲಿಡುತ್ತದೆ. ನಮ್ಮ ಹುಡುಗಿ ಇಷ್ಟು ದೊಡ್ಡ ಕೋಟೆಯನ್ನು ಕೆಡವಿ ನಾಲ್ಕು ಬೊಗಸೆ ಕಲ್ಲು ಚೆಲ್ಲಿದ್ದಳು. ಉಳಿದ ಕಲ್ಲು ಎಲ್ಲಿ ಹೋಯಿತು ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ.

ಉತ್ತರವಿದ್ದಿದ್ದರೆ ನಾನು ಒಪ್ಪುತ್ತಿದ್ದೆ. ಏಕೆಂದರೆ ಹಾಳೂರಿನ ಕಲ್ಲು ಅಲ್ಲೇ ಉಳಿಯುವುದು ಅಪರೂಪ. ಒಳ್ಳೆಯ ಸೈಜುಗಲ್ಲನ್ನು ಮೊದಲು ಒಯ್ಯುತ್ತಾರೆ, ಅದೂ ಗಾಡಿ ಹೋಗುವ ದಾರಿಯ ಪಕ್ಕದ್ದನ್ನು. ರೋಮಿನ ಕೊಲೋಸಿಯಮ್ ಶತಮಾನಗಳ ಕಾಲ ನಗರದ ಕಲ್ಲುಗಣಿಯಾಗಿತ್ತು. ಮರ ಸುಟ್ಟು ಬೂದಿಯಾಗುತ್ತದೆ, ಮಣ್ಣಿನ ಗೋಡೆ ಮಳೆಗೆ ಕರಗಿ ದುಂಡನೆಯ ದಿಣ್ಣೆಯಾಗುತ್ತದೆ. ನಕ್ಷೆಗಾರ ಬರೆಯಬೇಕಾದುದು ಬಿದ್ದದ್ದನ್ನು ಮಾತ್ರವಲ್ಲ, ಬಿದ್ದದ್ದರಲ್ಲಿ ಉಳಿದದ್ದನ್ನು.

ಹಂಪೆಯ ಬಂಡೆ, ಹಂಪೆಯ ಕಲ್ಲು

ಇಲ್ಲಿ ಕುಳಿತಿರುವ ಎಲ್ಲರ ಮನಸ್ಸೂ ಈಗ ಹಂಪೆಗೆ ಹೋಗಿರಬೇಕು. 1565ರ ಯುದ್ಧದ ನಂತರ ಹಾಳಾದ ಆ ರಾಜಧಾನಿಯ ಅವಶೇಷಗಳ ಮೊದಲ ನಕ್ಷೆಯನ್ನು ಮಾಡಿಸಿದಾತ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ. ಕಾಲ 1800ರ ಆಸುಪಾಸು. ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಯ ಅಳತೆಗೆ ನೇಮಕಗೊಂಡ ಈತ, ಕಾವಲಿ ವೆಂಕಟ ಬೊರಯ್ಯ ಮೊದಲಾದ ನಮ್ಮವರ ನೆರವಿನಿಂದ ಶಾಸನ, ಕೈಫಿಯತ್ತುಗಳನ್ನೂ ಕಲೆಹಾಕಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನ ಸಂಗ್ರಹದ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ತಾವು ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರು ದೇಶವಿದೇಶಗಳ ವಿದ್ಯಾರ್ಥಿಗಳನ್ನು ಕೂಡಿಕೊಂಡು ಹಂಪೆಯ ಕಟ್ಟಡಗಳನ್ನು ಮತ್ತೊಮ್ಮೆ ವಿವರವಾಗಿ ಅಳೆದು ಬರೆದರು.

ಹಂಪೆಯನ್ನು ಮೇಲಿಂದ ಬರೆಯುವವನಿಗೆ ಒಂದು ವಿಚಿತ್ರ ತೊಡಕಿದೆ. ಅಲ್ಲಿ ಪ್ರಕೃತಿಯೇ ಬಂಡೆಗಳನ್ನು ರಾಶಿ ಹಾಕಿದೆ. ಯಾವುದು ಬೆಟ್ಟದ ಗುಂಡು, ಯಾವುದು ಬಿದ್ದ ಕಟ್ಟಡದ ಕಲ್ಲು? ಮಳೆಗಾಳಿಗೆ ಸವೆದ ಗುಂಡಿಗೆ ಮೂಲೆಯಿಲ್ಲ. ಮನುಷ್ಯ ಸೀಳಿದ ಕಲ್ಲಿಗೆ ನೇರ ಅಂಚಿದೆ. ಅಂಚಿನುದ್ದಕ್ಕೂ ಬೆಣೆ ಹೊಡೆದ ಗುಳಿಗಳ ಸಾಲಿದೆ. ಆದ್ದರಿಂದ ಒಂದನ್ನು ದುಂಡು ಗೆರೆಯಿಂದಲೂ ಇನ್ನೊಂದನ್ನು ನೇರ ಗೆರೆಯಿಂದಲೂ ಬರೆಯಬೇಕು. ಅಷ್ಟೇ ಅಲ್ಲ, ದೇವಾಲಯಗಳು ಕಲ್ಲಿನವಾದ್ದರಿಂದ ನಿಂತಿವೆ; ಅರಮನೆಗಳ ಮೇಲ್ಭಾಗ ಮರ ಮತ್ತು ಗಾರೆಯದಾದ್ದರಿಂದ ಅವುಗಳ ಕಲ್ಲಿನ ಅಧಿಷ್ಠಾನಗಳು ಮಾತ್ರ ಉಳಿದಿವೆ. ನಕ್ಷೆಯಲ್ಲಿ ಆ ಅರಮನೆಯ ಜಾಗ ಬೋಳಾಗಿ, ನಿರ್ಮಲವಾಗಿ ಕಾಣುತ್ತದೆ. ಅತಿ ಹೆಚ್ಚು ನಾಶವಾದ ಜಾಗವೇ ನಕ್ಷೆಯಲ್ಲಿ ಅತಿ ಸ್ವಚ್ಛವಾಗಿ ಕಾಣುವುದುಂಟು.

ಲಂಡನ್ನಿನ ಬಣ್ಣಗಳು

ಈ ಮಾತಿಗೆ ತಾವು ವಾಸಿಸುವ ಈ ದೇಶದಲ್ಲಿಯೇ ಒಂದು ಸಾಕ್ಷಿಯಿದೆ. 1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಬಾಂಬುಗಳ ಸುರಿಮಳೆ ಆರಂಭವಾಯಿತು. ಯುದ್ಧ ಮುಗಿಯುವವರೆಗೂ ನಗರಾಡಳಿತದ ವಾಸ್ತುಶಿಲ್ಪ ವಿಭಾಗದವರು ಬೀದಿಬೀದಿಯ ಹಾನಿಯನ್ನು ದಾಖಲಿಸಿ, 1:2500 ಪ್ರಮಾಣದ ಸುಮಾರು 110 ಹಾಳೆಗಳ ಮೇಲೆ ಒಂದೊಂದು ಕಟ್ಟಡಕ್ಕೂ ಕೈಯಿಂದ ಬಣ್ಣ ಹಾಕಿದರು. ಪೂರ್ತಿ ನೆಲಸಮವಾದದ್ದಕ್ಕೆ ಕಪ್ಪು. ದುರಸ್ತಿಗೆ ಮೀರಿದ್ದಕ್ಕೆ ನೇರಳೆ. ತೀವ್ರ ಹಾನಿಗೆ ಕಡುಗೆಂಪು ಮತ್ತು ತೆಳುಗೆಂಪು. ಸ್ಫೋಟದ ಹೊಡೆತಕ್ಕೆ ಕಿತ್ತಳೆ, ಸಣ್ಣಪುಟ್ಟ ಹಾನಿಗೆ ಹಳದಿ. 1944ರಲ್ಲಿ ಬಂದ ಹಾರುವ ಬಾಂಬುಗಳಿಗೆ ದೊಡ್ಡ ವೃತ್ತ, ರಾಕೆಟ್ಟುಗಳಿಗೆ ಸಣ್ಣ ವೃತ್ತ.

ಆ ನಕ್ಷೆಗಳಲ್ಲಿ ಒಂದು ಕಲ್ಲನ್ನೂ ಬರೆದಿಲ್ಲ. ಆದರೆ ಕಪ್ಪಿನಿಂದ ಹಳದಿಯವರೆಗೆ ಬಣ್ಣ ಹೊರಹೊರಗೆ ಇಳಿಯುವುದನ್ನು ನೋಡಿದರೆ ಬಾಂಬು ಬಿದ್ದ ಬಿಂದು, ಅದರ ಹೊಡೆತ ಹರಡಿದ ಬಗೆ, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಬಣ್ಣ ಹಾಕಿದವನು ಎದುರಿಗಿದ್ದ ಪಟ್ಟಿಯನ್ನು ನೋಡಿ, ಕೈ ನಡುಗದಂತೆ, ಗೆರೆಯ ಹೊರಗೆ ಹೋಗದಂತೆ ಕಪ್ಪು ತುಂಬಿರಬೇಕು. ಆ ಪುಟ್ಟ ಆಯತ ಯಾರದೋ ಮನೆ. ನಾನೂ ಅದೇ ಬಗೆಯ ಮೇಜಿನ ಮುಂದೆ ಕುಳಿತವನಾದ್ದರಿಂದ, ಆ ಹಾಳೆಗಳ ಪ್ರತಿಗಳನ್ನು ನೋಡುವಾಗ ನನಗೆ ಅಪರಿಚಿತನಾದ ಆ ಸಹೋದ್ಯೋಗಿಯ ನೆನಪಾಗುತ್ತದೆ.

ಕಲ್ಲುಮಣ್ಣೆಲ್ಲ ಎಲ್ಲಿ ಹೋಯಿತು? ಲಂಡನ್ನಿನ ಎಷ್ಟೋ ಇಟ್ಟಿಗೆ ಹ್ಯಾಕ್ನಿ ಮಾರ್ಷಸ್ ಎಂಬ ತಗ್ಗಿನ ಬಯಲನ್ನು ತುಂಬಿತು; ಅದರ ಮೇಲೆ ಇಂದು ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ಬ್ರಿಸ್ಟಲ್ ನಗರದ ಅವಶೇಷಗಳನ್ನು, ಸಾಮಗ್ರಿ ಇಳಿಸಿ ಖಾಲಿ ಮರಳುತ್ತಿದ್ದ ಹಡಗುಗಳು ಭಾರಕ್ಕೆಂದು ಹೇರಿಕೊಂಡು ಹೋದವು. ನ್ಯೂಯಾರ್ಕಿನ ಈಸ್ಟ್ ರಿವರ್ ದಂಡೆಯ ಹೆದ್ದಾರಿಯ ಅಡಿಯಲ್ಲಿ ಅವು ಮಲಗಿವೆ; 1942ರಲ್ಲಿ ಅಲ್ಲಿ ನಿಲ್ಲಿಸಿದ ಫಲಕ ಆ ಜಾಗವನ್ನು ಬ್ರಿಸ್ಟಲ್ ಬೇಸಿನ್ ಎಂದು ಕರೆಯುತ್ತದೆ. ಕುಸಿದ ಮನೆಗಳು ಕೂಡ ಸಮುದ್ರ ದಾಟಿ ವಲಸೆ ಹೋಗಿವೆ ಎಂಬುದನ್ನು ವಲಸೆಗಾರರಾದ ತಮ್ಮ ಮುಂದೆ ಹೇಳಲು ನನಗೆ ಏನೋ ಒಂದು ಆತ್ಮೀಯತೆ.

ಅಜ್ಜನ ಮನೆ

ಈಗ ಒಂದು ಸ್ವಂತ ಮಾತು. ನಮ್ಮ ಕಂದಾಯದ ದಾಖಲೆಗಳಲ್ಲಿ ಜನವಸತಿಯಿಲ್ಲದ ಹಳ್ಳಿಗೆ 'ಬೇಚರಾಕ್ ಗ್ರಾಮ' ಎನ್ನುತ್ತಾರೆ. ಪಾರಸಿಯಿಂದ ಬಂದ ಮಾತು; ಚಿರಾಗ್ ಎಂದರೆ ದೀಪ. ದೀಪವಿಲ್ಲದ ಊರು. ಎಷ್ಟೋ ಬೇಚರಾಕ್ ಗ್ರಾಮಗಳ ಗಡಿಗೆರೆಗಳನ್ನು ನಾನು ಶಾಯಿಯಲ್ಲಿ ಎಳೆದಿದ್ದೇನೆ. ಒಳಗೆ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬಿದ್ದ ಗೋಡೆಗಳಿರಬಹುದೆಂದು ಆಗ ಯೋಚಿಸಿದವನಲ್ಲ.

ಮಲೆನಾಡಿನಲ್ಲಿ ನಮ್ಮ ಅಜ್ಜನ ಮನೆ ಮಣ್ಣಿನ ಗೋಡೆಯದು. ಚಿಕ್ಕಪ್ಪಂದಿರು ಊರು ಬಿಟ್ಟ ಮೇಲೆ ಒಂದು ಮಳೆಗಾಲದಲ್ಲಿ ಮಾಡಿನ ಹೆಂಚು ಜಾರಿತು. ನಾಲ್ಕಾರು ಮಳೆಗಾಲಗಳಲ್ಲಿ ಗೋಡೆ ಕರಗಿತು. ಕೊನೆಯ ಬಾರಿ ನಾನು ಹೋದಾಗ ಉಳಿದದ್ದು ತುಳಸಿಕಟ್ಟೆ, ಜಗುಲಿಯ ಮೆಟ್ಟಿಲುಗಲ್ಲು, ಹುಲ್ಲಿನ ನಡುವೆ ಒರಳು. ಮೂವತ್ತೈದು ವರ್ಷ ಪರರ ನೆಲವನ್ನು ಬರೆದ ನಾನು ಆ ಮನೆ ನಿಂತಿದ್ದಾಗ ಅದರ ನಕ್ಷೆಯನ್ನು ಒಮ್ಮೆಯೂ ಬರೆದಿರಲಿಲ್ಲ. ಈಗ ನಾನೂ ನನ್ನ ತಂಗಿಯೂ ಫೋನಿನಲ್ಲಿ ಮಾತನಾಡುವಾಗ, ಬಚ್ಚಲುಮನೆಯ ಬಾಗಿಲು ಹಿತ್ತಿಲ ಕಡೆಗಿತ್ತೋ ಕೊಟ್ಟಿಗೆಯ ಕಡೆಗಿತ್ತೋ ಎಂಬುದರ ಬಗ್ಗೆ ಒಮ್ಮತಕ್ಕೆ ಬರಲಾಗುತ್ತಿಲ್ಲ. ಕೇಳೋಣವೆಂದರೆ ಹಿರಿಯರು ಯಾರೂ ಇಲ್ಲ.

ಕಳೆದ ಭಾನುವಾರ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಚೌಕುಳಿ ಕಾಗದದ ಮೇಲೆ ಆ ಮನೆಯನ್ನು ಬರೆದೆ. ನೊಲ್ಲಿಯ ನಿಯಮದಂತೆ ನನಗೆ ಖಚಿತವಿದ್ದುದು ದಟ್ಟ ಗೆರೆ, ಸಂದೇಹವಿದ್ದುದು ಚುಕ್ಕಿ ಗೆರೆ. ಗೋಡೆಗಳಿದ್ದಲ್ಲಿ ಲೇಮಾನನ ಗೀಟುಗಳಿಂದ ಮಣ್ಣಿನ ದಿಣ್ಣೆ. ಮಾಡು ಜಾರಿದ ಪಡುವಣ ಬದಿಯಲ್ಲಿ ಮಾತ್ರ ಹೆಂಚಿನ ಚೂರು. ಮರದ ಕಂಬಗಳನ್ನು ಯಾರೋ ಒಯ್ದಿದ್ದರು. ಅವುಗಳ ಬುಡದ ಕಲ್ಲುಗಳನ್ನು ಮಾತ್ರ ಬರೆದೆವು. ಎಲ್ಲ ಮುಗಿದ ಮೇಲೆ ಹುಡುಗಿ ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಯಾರೋ ಇದ್ರು ಅಂತ ಗೊತ್ತಾಗತ್ತೆ ತಾತ" ಎಂದಳು. ಅನಂತರ ತನ್ನ ಕೋಟೆಯ ನಕ್ಷೆಯನ್ನು ತೆಗೆದು, ಮೊದಲು ಡ್ರ್ಯಾಗನ್ ಯಾವ ದಿಕ್ಕಿನಿಂದ ಬಂತೆಂದು ನಿರ್ಧರಿಸಿದಳು.

ಮಕ್ಕಳೆ, ಹಾಳೂರನ್ನು ಬರೆಯುವ ಮೊದಲು ಊರನ್ನು ಪೂರ್ತಿಯಾಗಿ ಕಟ್ಟಿ, ಆಮೇಲೆ ಕೆಡವಿ. ಹಿರಿಯರೆ, ತಮ್ಮಲ್ಲಿ ಒಂದು ಕೋರಿಕೆ. ತಾವು ಹುಟ್ಟಿ ಬೆಳೆದ ಮನೆ, ಅದು ಹುಬ್ಬಳ್ಳಿಯ ವಠಾರವಾಗಲಿ, ಕೋಲಾರದ ಹೆಂಚಿನ ಮನೆಯಾಗಲಿ, ಇಂದು ನಿಂತಿದೆಯೋ ಇಲ್ಲವೋ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ನಕ್ಷೆಯೊಂದನ್ನು ಬರೆಯಿರಿ. ತಿಳಿದದ್ದನ್ನು ದಟ್ಟವಾಗಿ, ಮರೆತದ್ದನ್ನು ಚುಕ್ಕಿಯಲ್ಲಿ. ಊರಿಗೆ ಫೋನು ಮಾಡಿ ಕೇಳಲು ಹಿರಿಯರು ಇನ್ನೂ ಇರುವಾಗಲೇ ಬರೆದರೆ ಚುಕ್ಕಿಗಳು ಕಡಿಮೆಯಾಗುತ್ತವೆ.

ರೋಮಿನಲ್ಲಿ 2024ರ ಜನವರಿಯಲ್ಲಿ ಒಂದು ಹೊಸ ವಸ್ತುಸಂಗ್ರಹಾಲಯ ತೆರೆಯಿತು. ನೊಲ್ಲಿಯ ನಕ್ಷೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಅಮೃತಶಿಲೆಯ ಹಳೆಯ ನಕ್ಷೆಯ ಚೂರುಗಳನ್ನು ಅವುಗಳ ಸರಿಯಾದ ಜಾಗದಲ್ಲಿಟ್ಟು, ಮೇಲೆ ಗಾಜು ಹೊದಿಸಿದ್ದಾರೆ. ಜನ ಅದರ ಮೇಲೆ ನಡೆದಾಡಬಹುದು. ಚೂರುಗಳ ನಡುವೆ ಬಹಳ ಖಾಲಿ ಜಾಗವಿದೆ. ಅದನ್ನು ಯಾರೂ ತುಂಬಲು ಹೋಗಿಲ್ಲ.